ಗೋದಾಮಿನ ತಲೆನೋವು: ಡೀಸೆಲ್ ಫೋರ್ಕ್‌ಲಿಫ್ಟ್ ಒಳ್ಳೆಯದೋ, ಬ್ಯಾಟರಿಯದೋ?

ಕಾಫಿ ಕುಡಿಯುವಾಗ ಅದರ ಮೂಟೆಯ ಭಾರ ಯಾರಿಗೂ ನೆನಪಾಗುವುದಿಲ್ಲ. ಕಣದಲ್ಲಿ ಒಣಗಿ ಗೋಣಿಚೀಲ ಸೇರಿದ ಕಾಫಿಯನ್ನು ತೋಟದ ಉಗ್ರಾಣದಿಂದ ಲಾರಿಗೆ ಹೇರಬೇಕು. ಲಾರಿಯಿಂದ ಕ್ಯೂರಿಂಗ್ ವರ್ಕ್ಸಿನ ಗೋದಾಮಿಗೆ ಇಳಿಸಬೇಕು. ಅಲ್ಲಿ ಸಿಪ್ಪೆ ಬಿಡಿಸಿ, ಗಾತ್ರ ಬೇರ್ಪಡಿಸಿ, ಮತ್ತೆ ಚೀಲ ತುಂಬಿ, ಮತ್ತೆ ಲಾರಿಗೆ ಏರಿಸಬೇಕು. ಹೊರದೇಶಕ್ಕೆ ಹೋಗುವ ಸರಕಾದರೆ ಮಂಗಳೂರಿನ ಪಣಂಬೂರು ಬಂದರು ತಲುಪುವ ಮೊದಲು ಇನ್ನೊಮ್ಮೆ ಎತ್ತಿ ಇಳಿಸಬೇಕು. ಗೋಣಿಕೊಪ್ಪದಿಂದ ನಮ್ಮ ತಿತಿಮತಿಯ ಮೇಲೆ ಹುಣಸೂರಿನ ಕಡೆಗೆ ಹೋಗುವ ಲಾರಿಗಳಲ್ಲಿ ಕಾಣುವ ಪ್ರತಿಯೊಂದು ಮೂಟೆಯೂ ಹೀಗೆ ಹಲವು ಬಾರಿ ಯಾರದೋ ಬೆನ್ನನ್ನು ಹತ್ತಿ ಇಳಿದಿರುತ್ತದೆ.

ತೋಟದ ಕಾಫಿ ಮೂಟೆ ಸಾಮಾನ್ಯವಾಗಿ 50 ಕಿಲೋ. ರಫ್ತಿನ ಮೂಟೆ 60 ಕಿಲೋ. ಆದರೆ ಎಲ್ಲ ಅನುಕೂಲಗಳಿದ್ದಾಗಲೂ ಒಬ್ಬ ಮನುಷ್ಯ ಕೈಯಿಂದ ಎತ್ತುವ ಭಾರ 23 ಕಿಲೋ ಮೀರಬಾರದು ಎಂಬುದು ಅಮೆರಿಕದ ಸರ್ಕಾರಿ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಹಮಾಲಿ ಅದರ ಎರಡರಷ್ಟಕ್ಕಿಂತ ಹೆಚ್ಚು ಹೊರುತ್ತಾನೆ. ಅದೂ ದಿನಕ್ಕೆ ನೂರಾರು ಸಲ. ನಲವತ್ತು ದಾಟುವ ಮೊದಲೇ ಸೊಂಟ ಹಿಡಿದುಕೊಂಡು ಬರುವ ಹಮಾಲಿಗಳನ್ನು ಕಂಡ ಯಾವ ವೈದ್ಯನೂ ಭಾರ ಎತ್ತುವ ಯಂತ್ರವನ್ನು ದೂಷಿಸಲಾರ.

ಆ ಯಂತ್ರವೇ ಫೋರ್ಕ್‌ಲಿಫ್ಟ್. ಮುಂದೆ ಎರಡು ಉದ್ದನೆಯ ಕಬ್ಬಿಣದ ತೋಳು, ಹಿಂದೆ ಭಾರ ಸರಿದೂಗಿಸುವ ದೊಡ್ಡ ಉಕ್ಕಿನ ಗಟ್ಟಿ. ಆನೆ ದಂತಗಳ ಮೇಲೆ ದಿಮ್ಮಿ ಎತ್ತುವುದನ್ನು ಕಂಡಿರುವ ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆನೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಈ ಆನೆ ಏನು ತಿನ್ನುತ್ತದೆ ಎಂಬುದರ ಮೇಲೆ ಅದರ ಪಕ್ಕದಲ್ಲಿ ನಿಂತವರ ಆರೋಗ್ಯ ನಿಂತಿದೆ.

ನಮ್ಮ ಮನೆಯಲ್ಲಿ ಫೋರ್ಕ್‌ಲಿಫ್ಟ್ ಇಲ್ಲವಲ್ಲ, ಈ ಲೇಖನ ನಮಗೇಕೆ ಎಂದು ನೀವು ಕೇಳಬಹುದು. ನಿಮ್ಮ ಮನೆಯ ಮಗನೋ, ಅಳಿಯನೋ, ಪಕ್ಕದ ಮನೆಯ ಹೆಣ್ಣುಮಗಳೋ ಕಾಫಿ ಗೋದಾಮಿನಲ್ಲಿ, ಅಕ್ಕಿ ಗಿರಣಿಯಲ್ಲಿ, ತಂಪು ಪಾನೀಯದ ಉಗ್ರಾಣದಲ್ಲಿ, ಬೆಂಗಳೂರಿನ ಯಾವುದೋ ಸರಕು ಕೇಂದ್ರದಲ್ಲಿ ದುಡಿಯುತ್ತಿರಬಹುದು. ಅವರು ಸಂಜೆ ತಲೆನೋವೆಂದು ಮಲಗಿದರೆ ಕಾರಣ ಬಿಸಿಲು ಅಥವಾ ಪಿತ್ತವೇ ಆಗಿರಬೇಕೆಂದಿಲ್ಲ.

ಎರಡು ಜಾತಿ

ಫೋರ್ಕ್‌ಲಿಫ್ಟುಗಳಲ್ಲಿ ಎರಡು ಜಾತಿ. ಮೊದಲನೆಯದು ಒಳಗೆ ಇಂಧನ ಉರಿಸುವ ಎಂಜಿನ್ ಇರುವಂಥದು. ಇಂಧನ ಡೀಸೆಲ್ ಆಗಿರಬಹುದು, ಪೆಟ್ರೋಲ್ ಆಗಿರಬಹುದು, ಅಡುಗೆ ಮನೆಯ ಸಿಲಿಂಡರಿನಲ್ಲಿರುವಂಥ ಎಲ್.ಪಿ. ಗ್ಯಾಸ್ ಆಗಿರಬಹುದು. ಎರಡನೆಯದು ಬ್ಯಾಟರಿಯಿಂದ ಓಡುವ ವಿದ್ಯುತ್ ಫೋರ್ಕ್‌ಲಿಫ್ಟ್.

ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಇಷ್ಟು: ಬೆಲೆ ಎಷ್ಟು, ಎಷ್ಟು ಟನ್ ಎತ್ತುತ್ತದೆ, ಗಂಟೆಗೆ ಎಷ್ಟು ಖರ್ಚು. ಡೀಸೆಲ್ ಯಂತ್ರಕ್ಕೆ ಆರಂಭದ ಬೆಲೆ ಕಡಿಮೆ. ಮಳೆ, ಕೆಸರು, ಏರುತಗ್ಗು ಯಾವುದಕ್ಕೂ ಅಂಜುವುದಿಲ್ಲ. ಟ್ಯಾಂಕ್ ತುಂಬಿದರೆ ಐದು ನಿಮಿಷದಲ್ಲಿ ಮತ್ತೆ ಸಿದ್ಧ. ಬ್ಯಾಟರಿಯದಕ್ಕೆ ಮೊದಲು ಹೆಚ್ಚು ಹಣ ಹಾಕಬೇಕು. ಆಮೇಲೆ ಇಂಧನದ ಮತ್ತು ರಿಪೇರಿಯ ಖರ್ಚು ಕಡಿಮೆ. ಸಾಮಾನ್ಯ ಸೀಸದ ಬ್ಯಾಟರಿ ತುಂಬಲು ಸುಮಾರು 8 ಗಂಟೆ ಬೇಕು. ಲಿಥಿಯಂ ಬ್ಯಾಟರಿ ಬೇಗ ತುಂಬುತ್ತದೆ, ಆದರೆ ದುಬಾರಿ. ಮುಂಗಾರಿನಲ್ಲಿ ಮರ ಬಿದ್ದು ಕರೆಂಟು ಹೋಗುವ ನಮ್ಮ ಜಿಲ್ಲೆಯಲ್ಲಿ ಇದನ್ನೂ ಯೋಚಿಸಬೇಕಾದದ್ದೇ.

ಈ ಲೆಕ್ಕಗಳೆಲ್ಲ ಸರಿ. ಆದರೆ ಇದರಲ್ಲಿ ಒಂದು ಕಲಂ ಬಿಟ್ಟುಹೋಗಿದೆ. ಆ ಯಂತ್ರ ಓಡುವ ಸೂರಿನಡಿ ಯಾರು ಉಸಿರಾಡುತ್ತಾರೆ?

ಕಾಣುವ ಹೊಗೆ, ಕಾಣದ ಹೊಗೆ

ಡೀಸೆಲ್ ಎಂಜಿನ್ನಿನ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಗಲುತ್ತದೆ. ಅದರಲ್ಲಿರುವ ಅತಿಸೂಕ್ಷ್ಮ ಮಸಿಕಣಗಳು ಶ್ವಾಸಕೋಶದ ತುದಿಯವರೆಗೂ ಹೋಗುತ್ತವೆ. ಸಾರಜನಕದ ಆಕ್ಸೈಡುಗಳು ಗಂಟಲು, ಶ್ವಾಸನಾಳಗಳನ್ನು ಕೆರಳಿಸುತ್ತವೆ. ಆಸ್ತಮಾ ಇರುವವರಿಗೆ ಇದು ಬೆಂಕಿಗೆ ತುಪ್ಪ ಸುರಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತ್ತು. 2012ರಲ್ಲಿ ಸಂಭವದ ಮಾತು ತೆಗೆದು, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದೇ ಘೋಷಿಸಿತು. ತಂಬಾಕಿನ ಹೊಗೆ ಇರುವುದೂ ಇದೇ ವರ್ಗದಲ್ಲಿ.

"ಡೀಸೆಲ್ ಬೇಡ, ಗ್ಯಾಸಿನದು ತರೋಣ, ಹೊಗೆಯೇ ಬರುವುದಿಲ್ಲ" ಎನ್ನುವವರಿದ್ದಾರೆ. ಮೋಸ ಹೋಗುವುದು ಇಲ್ಲಿಯೇ. ಎಲ್.ಪಿ. ಗ್ಯಾಸ್ ಮತ್ತು ಪೆಟ್ರೋಲ್ ಎಂಜಿನ್ನುಗಳು ಮಸಿ ಕಡಿಮೆ ಉಗುಳುತ್ತವೆ, ನಿಜ. ಆದರೆ ಸರಿಯಾಗಿ ಟ್ಯೂನ್ ಮಾಡದಿದ್ದರೆ ಡೀಸೆಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಅನಿಲ ಹೊರಬಿಡುತ್ತವೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ಕೆಮ್ಮು ಬಂದರೆ ಮನುಷ್ಯ ಹೊರಗೆ ಹೋಗಿ ನಿಲ್ಲುತ್ತಾನೆ. ಇದು ಕೆಮ್ಮನ್ನೂ ತರುವುದಿಲ್ಲವಾದ್ದರಿಂದ ಒಳಗೇ ಉಳಿಯುತ್ತಾನೆ.

ಚಳಿಗೆ ಕೋಣೆಯ ಬಾಗಿಲು ಮುಚ್ಚಿ, ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಲ್ಲಿ ಕೊಲ್ಲುವುದೂ ಇದೇ ಅನಿಲ. ಗೋದಾಮು ದೊಡ್ಡದು ಎಂಬುದಷ್ಟೇ ವ್ಯತ್ಯಾಸ.

ದೊಡ್ಡ ಗೋದಾಮಿನಲ್ಲಿ ಅಷ್ಟು ಸುಲಭವಾಗಿ ತುಂಬುತ್ತದೆಯೇ? ಒಂದು ಲೆಕ್ಕ ಹಾಕೋಣ. 30 ಮೀಟರ್ ಉದ್ದ, 20 ಮೀಟರ್ ಅಗಲ, 6 ಮೀಟರ್ ಎತ್ತರದ ಗೋದಾಮಿನಲ್ಲಿ 3,600 ಘನ ಮೀಟರ್ ಗಾಳಿ ಇರುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 35 ಪಾಲು ಮೀರಬಾರದು ಎಂಬುದು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯದೇ ಶಿಫಾರಸು. ಅಂದರೆ ಇಡೀ ಗೋದಾಮಿಗೆ 126 ಲೀಟರ್ ಮಾತ್ರ. ಎಂಜಿನ್ ನಿಮಿಷಕ್ಕೆ 1,000 ಲೀಟರ್ ಹೊಗೆ ಬಿಡುತ್ತಿದೆ, ಅದರಲ್ಲಿ ಶೇಕಡಾ 1 ಭಾಗ ಈ ಅನಿಲ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 10 ಲೀಟರ್ ಆಯಿತು. ಬಾಗಿಲು ಕಿಟಕಿ ಮುಚ್ಚಿದ್ದರೆ ಕಾಲು ಗಂಟೆಯೊಳಗೇ ಮಿತಿ ಮುಟ್ಟುತ್ತದೆ. ಹೊರಗೆ ಜಡಿಮಳೆ, ಕಾಫಿಗೆ ತೇವ ತಗುಲಬಾರದೆಂದು ಷಟರ್ ಎಳೆದಿರುವ ದಿನ ಹೇಗಿರುತ್ತದೆಂದು ನೀವೇ ಊಹಿಸಿ.

ರಕ್ತದಲ್ಲಿ ಏನಾಗುತ್ತದೆ?

ನಾವು ಉಸಿರಾಡಿದ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದನ್ನು ಒಂದು ಬಸ್ಸು ಎಂದುಕೊಳ್ಳಿ. ಕಾರ್ಬನ್ ಮಾನಾಕ್ಸೈಡ್ ಈ ಬಸ್ಸಿನ ಸೀಟನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಮ್ಮೆ ಕುಳಿತರೆ ಬೇಗ ಇಳಿಯುವುದಿಲ್ಲ. ಆಮ್ಲಜನಕ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಅದರ ಕೊರತೆ ಮೊದಲು ತಟ್ಟುವುದು ಮೆದುಳಿಗೆ ಮತ್ತು ಹೃದಯಕ್ಕೆ.

ಮೊದಲ ಲಕ್ಷಣ ತಲೆನೋವು. ಹಣೆ ಬಿಗಿದು ಕಟ್ಟಿದಂತಾಗುತ್ತದೆ. ಆಮೇಲೆ ತಲೆಸುತ್ತು, ಓಕರಿಕೆ, ಕಾಲುಗಳಲ್ಲಿ ನಿಶ್ಶಕ್ತಿ, ಮಂಕು. ಜ್ವರ ಇರುವುದಿಲ್ಲ. ಪ್ರಮಾಣ ಇನ್ನೂ ಏರಿದರೆ ಗೊಂದಲ, ಪ್ರಜ್ಞೆ ತಪ್ಪುವುದು, ಸಾವು. ಹೃದ್ರೋಗಿಗಳಿಗೆ ಕಡಿಮೆ ಪ್ರಮಾಣದಲ್ಲೇ ಎದೆನೋವು ಕಾಣಿಸಿಕೊಳ್ಳಬಹುದು. ಬೀಡಿ ಸಿಗರೇಟು ಸೇದುವವರ ರಕ್ತದಲ್ಲಿ ಈ ಅನಿಲ ಮೊದಲೇ ಸ್ವಲ್ಪ ಇರುತ್ತದೆ. ಗೋದಾಮಿನದು ಅದರ ಮೇಲೆ ಸೇರಿಕೊಳ್ಳುತ್ತದೆ.

1992ರಲ್ಲಿ ಅಮೆರಿಕದ ವೈದ್ಯರು ಗ್ಯಾಸ್ ಫೋರ್ಕ್‌ಲಿಫ್ಟುಗಳಿಂದ ವಿಷವೇರಿದ ರೋಗಿಗಳ ವಿಚಾರವಾಗಿ ಒಂದು ಲೇಖನ ಪ್ರಕಟಿಸಿದರು. ಅದಕ್ಕೆ ಅವರು ಕೊಟ್ಟ ಹೆಸರೇ "ಗೋದಾಮು ಕೆಲಸಗಾರರ ತಲೆನೋವು". ಈ ಹೆಸರು ಎಲ್ಲ ವೈದ್ಯರಿಗೂ ಪರಿಚಿತವಾಗಬೇಕು. ಏಕೆಂದರೆ ಈ ತಲೆನೋವನ್ನು ಶೀತ, ಮೈಗ್ರೇನ್, ಗ್ಯಾಸ್ಟ್ರಿಕ್, ಕನ್ನಡಕದ ನಂಬರು ಎಂದೆಲ್ಲ ಭಾವಿಸುವುದು ಬಹಳ ಸುಲಭ.

ಮೂವತ್ತರ ಆಸುಪಾಸಿನ ಯುವಕನೊಬ್ಬ ತಿಂಗಳುಗಟ್ಟಲೆ ತಲೆನೋವಿನ ಮಾತ್ರೆ ನುಂಗಿ, ಕನ್ನಡಕವನ್ನೂ ಬದಲಾಯಿಸಿ, ಕೊನೆಗೆ ನನ್ನಲ್ಲಿಗೆ ಬಂದಿದ್ದ. ರಕ್ತದೊತ್ತಡ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು. "ಭಾನುವಾರ ನೋವು ಇರುತ್ತದೆಯೇ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗಲೂ ಇರಲಿಲ್ಲ" ಎಂದ. ಮುಚ್ಚಿದ ಷೆಡ್ಡಿನಲ್ಲಿ ಗ್ಯಾಸಿನ ಫೋರ್ಕ್‌ಲಿಫ್ಟ್ ಓಡಿಸುವುದು ಅವನ ಕೆಲಸ. ಅವನ ಜೊತೆಯ ಇನ್ನಿಬ್ಬರಿಗೂ ಅದೇ ನೋವು. ಒಂದೇ ಸೂರಿನಡಿ ಮೂವರಿಗೆ ಒಟ್ಟಿಗೆ ಮೈಗ್ರೇನ್ ಬರುವುದಿಲ್ಲ. ಷೆಡ್ಡಿನ ಎರಡೂ ಬದಿಯ ಬಾಗಿಲು ತೆರೆದಿಟ್ಟು, ಎಂಜಿನ್ನನ್ನು ಸರಿಪಡಿಸಿದ ಮೇಲೆ ಅವರಿಗೆ ಮಾತ್ರೆಯ ಅಗತ್ಯ ಬೀಳಲಿಲ್ಲ.

ಪರೀಕ್ಷೆಯಲ್ಲಿ ಎರಡು ತೊಡಕು

2020ರ ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಹಳ ಮನೆಗಳಿಗೆ ಬಂತು. ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಅದನ್ನು ನಂಬಕೂಡದು. ಈ ಅನಿಲ ಸೇರಿದ ರಕ್ತವೂ ಕೆಂಪಗೇ ಇರುತ್ತದೆ. ಅದನ್ನು ಆಮ್ಲಜನಕವಿರುವ ರಕ್ತವೆಂದೇ ಯಂತ್ರ ತಿಳಿಯುತ್ತದೆ. 98 ಎಂದು ತೋರಿಸುತ್ತಿರುವಾಗಲೇ ಮನುಷ್ಯ ಅಪಾಯದಲ್ಲಿರಬಹುದು.

ಎರಡನೆಯದು, ಶುದ್ಧ ಗಾಳಿಯಲ್ಲಿದ್ದರೆ 4-5 ಗಂಟೆಗೊಮ್ಮೆ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕರ್ಧ ಇಳಿಯುತ್ತದೆ. ಸಂಜೆ ಕೆಲಸ ಮುಗಿಸಿದವನು ಮರುದಿನ ಬೆಳಗ್ಗೆ ರಕ್ತ ಪರೀಕ್ಷೆಗೆ ಬಂದರೆ ಏನೂ ಸಿಗದಿರಬಹುದು. ಆದ್ದರಿಂದ ಯಂತ್ರಕ್ಕಿಂತ ರೋಗಿಯ ಮಾತು ಮುಖ್ಯ. ಎಲ್ಲಿ ಕೆಲಸ, ಪಕ್ಕದಲ್ಲಿ ಯಾವ ಯಂತ್ರ ಓಡುತ್ತದೆ, ರಜೆಯ ದಿನ ಹೇಗಿರುತ್ತೀರಿ ಎಂಬ ಮೂರನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.

ಗರ್ಭಿಣಿಯರ ವಿಷಯ

ಕಾಫಿ ಕ್ಯೂರಿಂಗಿನಲ್ಲಿ ಹಾಳು ಬೀಜ ಆರಿಸುವ ಕೆಲಸ ಬಹುಕಾಲದಿಂದ ಹೆಂಗಸರದು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಗಳು ಬಂದ ಮೇಲೆ ಅವರ ಸಂಖ್ಯೆ ಇಳಿದಿದೆ, ಆದರೂ ಗೋದಾಮುಗಳಲ್ಲಿ ಹೆಂಗಸರ ದುಡಿಮೆ ನಿಂತಿಲ್ಲ. ಫೋರ್ಕ್‌ಲಿಫ್ಟ್ ಚಾಲಕ ಮೂಟೆ ಇಟ್ಟು ಹೊರಗೂ ಹೋಗಿ ಬರುತ್ತಾನೆ. ಕುಳಿತು ದುಡಿಯುವವರು ಇಡೀ ದಿನ ಅದೇ ಗಾಳಿಯಲ್ಲಿರುತ್ತಾರೆ.

ಅವರಲ್ಲಿ ಗರ್ಭಿಣಿ ಇದ್ದರೆ ಅಪಾಯ ಇಬ್ಬರಿಗೆ. ಈ ಅನಿಲ ತಾಯಿಯ ರಕ್ತದಿಂದ ಮಗುವಿನ ರಕ್ತಕ್ಕೆ ದಾಟುತ್ತದೆ. ಅಲ್ಲಿ ನಿಧಾನವಾಗಿ ಏರಿ, ತಾಯಿಯದಕ್ಕಿಂತ ಹೆಚ್ಚಿನ ಮಟ್ಟ ತಲುಪಿ, ನಿಧಾನವಾಗಿ ಇಳಿಯುತ್ತದೆ. ತಾಯಿ ಹೊರಗೆ ಬಂದು ಚೇತರಿಸಿಕೊಂಡ ಮೇಲೂ ಮಗು ಆಮ್ಲಜನಕದ ಕೊರತೆಯಲ್ಲಿರಬಹುದು. ಗರ್ಭಿಣಿಯ ತಲೆನೋವು, ಓಕರಿಕೆಗಳನ್ನು ಬಸುರಿನದೇ ಎಂದು ತಳ್ಳಿಹಾಕುವುದು ವಾಡಿಕೆ. ಎಂಜಿನ್ ಓಡುವ ಮುಚ್ಚಿದ ಜಾಗದಲ್ಲಿ ಆಕೆ ದುಡಿಯುತ್ತಿದ್ದರೆ ಹಾಗೆ ತಳ್ಳಿಹಾಕಕೂಡದು.

ಬ್ಯಾಟರಿಯೂ ನಿರಪಾಯಕಾರಿಯಲ್ಲ

ಹಾಗಾದರೆ ಬ್ಯಾಟರಿ ಯಂತ್ರ ತಂದರೆ ಎಲ್ಲ ಮುಗಿಯಿತೇ? ಹೊಗೆಯ ಸಮಸ್ಯೆ ಮುಗಿಯಿತು. ಕಿವಿಗಡಚಿಕ್ಕುವ ಸದ್ದೂ ಮುಗಿಯಿತು. ಆದರೆ ಅದಕ್ಕೂ ಅದರದೇ ದೋಷಗಳಿವೆ.

ಸೀಸದ ಬ್ಯಾಟರಿಯೊಳಗೆ ಗಂಧಕಾಮ್ಲ ಇರುತ್ತದೆ. ಅದು ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಚಾರ್ಜ್ ಮಾಡುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಆದರೆ ಒಂದು ಕಿಡಿಗೆ ಸಿಡಿಯಬಲ್ಲುದು. ಆದ್ದರಿಂದ ಚಾರ್ಜ್ ಮಾಡುವ ಜಾಗಕ್ಕೆ ಮೇಲ್ಭಾಗದಲ್ಲಿ ಗಾಳಿ ಆಡಬೇಕು; ಬೀಡಿ, ಬೆಂಕಿಪೊಟ್ಟಣ ಹತ್ತಿರ ಸುಳಿಯಬಾರದು; ಕನ್ನಡಕ, ಕೈಗವಸು ಹಾಕದೆ ಮುಚ್ಚಳ ತೆಗೆಯಬಾರದು; ಪಕ್ಕದಲ್ಲೇ ನೀರಿನ ನಲ್ಲಿ ಇರಬೇಕು. ಕಣ್ಣಿಗೆ ಆಮ್ಲ ಬಿದ್ದರೆ ತಕ್ಷಣ ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ. ಹಾಲು, ಎಣ್ಣೆ, ಅಡುಗೆ ಸೋಡಾ ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಸದ್ದಿಲ್ಲದಿರುವುದೂ ಒಂದು ಅಪಾಯವೇ. ಡೀಸೆಲ್ ಯಂತ್ರ ಬರುವುದು ಕೇಳಿಸುತ್ತದೆ. ಇದು ಬೆನ್ನ ಹಿಂದೆ ಬಂದು ನಿಂತರೂ ತಿಳಿಯುವುದಿಲ್ಲ. ನಡೆಯುವವರಿಗೆ ಬೇರೆ ದಾರಿ ಗುರುತು ಮಾಡಿ, ಯಂತ್ರಕ್ಕೆ ದೀಪ ಮತ್ತು ಹಾರನ್ ಇಡಬೇಕು.

ಇನ್ನು ಕೆಲವು ಕಷ್ಟಗಳಲ್ಲಿ ಎರಡೂ ಜಾತಿ ಸಮಾನ. ಗುಂಡಿ ಬಿದ್ದ ನೆಲದಲ್ಲಿ ಓಡಿಸಿದರೆ ಚಾಲಕನ ಸೊಂಟಕ್ಕೆ ಪೆಟ್ಟು. ಹಿಂದೆ ತಿರುಗಿ ನೋಡುತ್ತಾ ಓಡಿಸಿ ಕುತ್ತಿಗೆ ನೋವು. ಭಾರವನ್ನು ಮೇಲೆತ್ತಿಕೊಂಡೇ ವೇಗವಾಗಿ ತಿರುಗಿಸಿದರೆ ಯಂತ್ರ ಮಗುಚುತ್ತದೆ. ಮಗುಚುವಾಗ ಹೊರಗೆ ಹಾರಿದವರೇ ಹೆಚ್ಚಾಗಿ ಅದರಡಿ ಸಿಕ್ಕಿ ಸಾಯುವುದು. ಸೀಟ್ ಬೆಲ್ಟ್ ಕಟ್ಟಿ, ಸ್ಟೀರಿಂಗ್ ಗಟ್ಟಿ ಹಿಡಿದು ಒಳಗೇ ಕೂರಬೇಕು. ಕಬ್ಬಿಣದ ತೋಳುಗಳ ಮೇಲೆ ಮನುಷ್ಯರನ್ನು ಹತ್ತಿಸುವುದಂತೂ ಶುದ್ಧ ಹುಚ್ಚಾಟ.

ಯಾವುದು ಎಲ್ಲಿಗೆ?

ಬಯಲಿನಲ್ಲಿ, ಮರದ ಡಿಪೋದಲ್ಲಿ, ಕೆಸರಿನ ಅಂಗಳದಲ್ಲಿ ಡೀಸೆಲ್ ಯಂತ್ರ ದುಡಿಯಲಿ; ಹೊಗೆ ಗಾಳಿಯಲ್ಲಿ ಚದುರುತ್ತದೆ. ಸೂರಿನಡಿ, ನಾಲ್ಕು ಗೋಡೆಗಳ ನಡುವೆ, ಜನ ನಿಂತು ಕುಳಿತು ದುಡಿಯುವಲ್ಲಿ ಬ್ಯಾಟರಿಯದೇ ಸರಿ. ವೈದ್ಯನಾಗಿ ನನ್ನ ಅಭಿಪ್ರಾಯ ಇಷ್ಟೇ. ಅಲ್ಲಿ ಅದನ್ನು ಶೋಕಿಯೆಂದೋ ದುಂದೆಂದೋ ಎಣಿಸಬಾರದು.

ಇಂದೇ ಯಂತ್ರ ಬದಲಾಯಿಸಲು ಎಲ್ಲ ಮಾಲೀಕರಿಗೂ ಸಾಧ್ಯವಿಲ್ಲ. ಅಲ್ಲಿಯವರೆಗೆ ಹೀಗೆ ಮಾಡಬಹುದು:

* ಎಂಜಿನ್ ಓಡುವಾಗ ಎದುರುಬದುರಿನ ಬಾಗಿಲುಗಳು ತೆರೆದಿರಲಿ; ಗಾಳಿ ಹೊರಗೆಳೆಯುವ ಫ್ಯಾನುಗಳು ನಡೆಯಲಿ.
* ಲಾರಿಗಾಗಿ ಕಾಯುವಾಗ ಎಂಜಿನ್ ನಿಲ್ಲಿಸಿ. ಮುಚ್ಚಿದ ಕಂಟೈನರಿನೊಳಗೆ ಎಂಜಿನ್ ಓಡುತ್ತಾ ನಿಲ್ಲುವುದು ಅತ್ಯಂತ ಅಪಾಯಕರ.
* ಎಂಜಿನ್ನನ್ನು ಕಾಲಕಾಲಕ್ಕೆ ಟ್ಯೂನ್ ಮಾಡಿಸಿ, ಹೊಗೆಯ ಪರೀಕ್ಷೆ ಮಾಡಿಸಿ.
* ಜನ ಉಸಿರಾಡುವ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆದು ಸದ್ದು ಮಾಡುವ ಉಪಕರಣ ಇಡಿ.
* ಮೂಗಿಗೆ ಬಟ್ಟೆ ಕಟ್ಟಿದರೆ ಧೂಳು ನಿಲ್ಲಬಹುದು. ಈ ಅನಿಲ ನಿಲ್ಲುವುದಿಲ್ಲ.

ಯಾರಾದರೂ ಕುಸಿದು ಬಿದ್ದರೆ ಮೊದಲು ಎಲ್ಲ ಬಾಗಿಲು ತೆರೆದು, ಎಂಜಿನ್ ನಿಲ್ಲಿಸಿ, ಅವರನ್ನು ಬಯಲಿಗೆ ತನ್ನಿ. ಅನಿಲ ತುಂಬಿದ ಮುಚ್ಚಿದ ಜಾಗಕ್ಕೆ ಒಬ್ಬರೇ ನುಗ್ಗಬೇಡಿ. ಬಿಡಿಸಲು ಹೋದವರೂ ಬಿದ್ದ ಉದಾಹರಣೆಗಳಿವೆ. ಪ್ರಜ್ಞೆಯಿಲ್ಲದವರಿಗೆ ನೀರು, ನಿಂಬೆ ಪಾನಕ ಕುಡಿಸಬೇಡಿ. 108ಕ್ಕೆ ಕರೆ ಮಾಡಿ, ಆಮ್ಲಜನಕ ಕೊಡುವ ಆಸ್ಪತ್ರೆಗೆ ಸಾಗಿಸಿ. ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ 4-5 ಗಂಟೆಯಲ್ಲಿ ಅರ್ಧಕ್ಕಿಳಿಯುವ ವಿಷ ಸುಮಾರು ಒಂದೂವರೆ ಗಂಟೆಯೊಳಗೇ ಅರ್ಧಕ್ಕಿಳಿಯುತ್ತದೆ. ಎಲ್ಲಿ ಬಿದ್ದರು, ಅಲ್ಲಿ ಯಾವ ಯಂತ್ರ ಓಡುತ್ತಿತ್ತು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಕೊನೆಯದಾಗಿ ಒಂದು ಮಾತು. ಹಸಿ ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಡೀಸೆಲ್ ವಾಸನೆ ತಗುಲಿದ ಕಾಫಿಯನ್ನು ರುಚಿ ನೋಡುವವರು ಬದಿಗೆ ಸರಿಸುತ್ತಾರೆ. ಹೀಗಾಗಿ ಕಾಫಿ ದಾಸ್ತಾನಿನ ಬಳಿ ಹೊಗೆ ಬರಬಾರದೆಂಬ ಎಚ್ಚರಿಕೆ ವ್ಯಾಪಾರದಲ್ಲಿ ಮೊದಲಿನಿಂದಲೂ ಇದೆ. ಬೀಜಕ್ಕೆ ತೋರುವ ಆ ಎಚ್ಚರಿಕೆಯನ್ನು ಬೀಜ ಹೊರುವವರಿಗೂ, ಆರಿಸುವವರಿಗೂ ತೋರಿಸಿದರೆ ಸಾಕು, ಈ ಲೇಖನದ ಮುಕ್ಕಾಲು ಪಾಲು ಜಾರಿಯಾದಂತೆಯೇ.

ಉಳಿದ ಕಾಲು ಪಾಲು ನಿಮ್ಮದು. ದುಡಿದು ಬಂದವರು ತಲೆನೋವೆಂದಾಗ ಮಾತ್ರೆಯ ಡಬ್ಬಿಗೆ ಕೈ ಹಾಕುವ ಮೊದಲು, "ರಜೆಯ ದಿನವೂ ಹೀಗಿರುತ್ತದೆಯೇ?" ಎಂದು ಒಮ್ಮೆ ಕೇಳಿ. "ಇಲ್ಲ" ಎಂಬ ಉತ್ತರ ಬಂದರೆ, ಚಿಕಿತ್ಸೆ ಬೇಕಾಗಿರುವುದು ತಲೆಗಲ್ಲ, ಗೋದಾಮಿಗೆ ಎಂದು ತಿಳಿಯಿರಿ.